ಗೌಡ್ರ ಜೀಪಿನಲ್ಲಿ ಉಳಿದುಹೋದ ಇಪ್ಪತ್ನಾಲ್ಕು ವೋಲ್ಟಿನ ಸ್ಟಾರ್ಟರ್

ಅಂಗಡಿಯ ಕೀಲಿಕೈ ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತ ಮೇಲೆ ನನಗೊಂದು ಹೊಸ ಉದ್ಯೋಗ ಗಂಟುಬಿದ್ದಿದೆ. ಗದಗಿನ ಪಕ್ಕದ ಬೆಟಗೇರಿಯಲ್ಲಿ ಗಾಡಿ ವೈರಿಂಗ್ ಕೆಲಸ ಕಲಿಯುವ ಹುಡುಗರು ಸಂಜೆಗೆ ನಮ್ಮ ಮನೆಯ ಕಟ್ಟೆಗೆ ಬರುತ್ತಾರೆ. "ಚಾಚಾ, ನಿಮ್ಮ ಕಾಲದ ದೊಡ್ಡ ಕೆಲಸ ಯಾವುದರೀ?" ಎಂದು ಕೇಳುತ್ತಾರೆ. ದೊಡ್ಡ ಸಾಹೇಬರ ಕಾರು ಕೆಟ್ಟು ನಿಂತಾಗ ನಾನು ಹೋಗಿ ಒಂದು ವೈರು ಮುಟ್ಟಿದ್ದೇ ತಡ ಚಾಲೂ ಆಯಿತು ಎನ್ನುವಂಥ ಕಥೆ ಅವರಿಗೆ ಬೇಕು. ಅಂಥವು ನನ್ನಲ್ಲಿ ಬೇಕಾದಷ್ಟು ಇವೆ. ಅವುಗಳಲ್ಲಿ ಕಲಿಯುವುದು ಏನೂ ಇಲ್ಲ. ಅವರಿಗೆ ಉಪಯೋಗಕ್ಕೆ ಬರುವುದು ಶಿವನಗೌಡ್ರ ಜೀಪಿನ ಸಂಗತಿ. ಅದು ಗುಟ್ಟಿನ ಮಾತೇನಲ್ಲ. ಒಂದು ಕಾಲದಲ್ಲಿ ಶಿರಹಟ್ಟಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದವರಿಗೆಲ್ಲ ಗೊತ್ತಿತ್ತು. ನಾನು ಎಷ್ಟೋ ವರ್ಷ ಆ ಊರಿಗೆ ಹೋದಾಗ ತಲೆಗೆ ಟವೆಲ್ ಸುತ್ತಿಕೊಂಡೇ ಓಡಾಡಿದೆ.

ಮೊದಲು ನನ್ನ ಉಸ್ತಾದರ ವಿಷಯ. ಖಾದರ್ ಉಸ್ತಾದ್ ಎಂದರೆ ಗದಗಿನಲ್ಲಿ ಮಿಲ್ಟ್ರಿ ಗಾಡಿಗೆ ಅವರೊಬ್ಬರೇ. ದಂಡಿನವರು ಹಳೆಯ ಜೀಪುಗಳನ್ನು ಹರಾಜು ಹಾಕುತ್ತಿದ್ದರು. ನಮ್ಮ ಕಡೆಯ ಗೌಡರು, ಸಾಹುಕಾರರು ಅವನ್ನು ಹಿಡಿದು ತರುತ್ತಿದ್ದರು. ಬಹಳ ಹಳೆಯವು ಆರು ವೋಲ್ಟಿನವು. ಅವುಗಳ ದೀಪ ಹಚ್ಚಿದರೆ ರಸ್ತೆ ಕಾಣುತ್ತಿರಲಿಲ್ಲ, ದೀಪ ಮಾತ್ರ ಕಾಣುತ್ತಿತ್ತು. ಉಸ್ತಾದರು ಅವನ್ನು ಹನ್ನೆರಡಕ್ಕೆ ಏರಿಸುತ್ತಿದ್ದರು. ಬ್ಯಾಟರಿ, ಅದನ್ನು ತುಂಬುವ ಡೈನಮೋ, ಬಲ್ಬು, ಪ್ಲಗ್ಗಿಗೆ ಕಿಡಿ ಕಳಿಸುವ ಕಾಯ್ಲು ಎಲ್ಲ ಬದಲಿ. ಎಂಜಿನ್ ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಒಂದನ್ನು ಬಿಟ್ಟು.

"ಲೇ ಮೌಲಾ, ಸ್ಟಾರ್ಟರ್ ಮುಟ್ಟಬ್ಯಾಡ," ಎನ್ನುತ್ತಿದ್ದರು. "ಆರರ ಸ್ಟಾರ್ಟರ್‌ಗೆ ಹನ್ನೆರಡು ಕೊಟ್ರ ಗರ್ ಅಂತ ತಿರಗತೈತಿ. ಚಾಲೂ ಆಗಾಕ ಎಷ್ಟ ಹೊತ್ತು ಬೇಕು? ಅಷ್ಟರೊಳಗ ಸುಡಂಗಿಲ್ಲ ಅದು."

ಅದು ಖರೆ. ಅಂಥ ಗಾಡಿಗಳು ಗುಂಡಿ ಒತ್ತಿದ ಕೂಡಲೇ ಎದ್ದು ನಿಲ್ಲುತ್ತಿದ್ದವು. ಗಿರಾಕಿ ಖುಷಿ, ಉಸ್ತಾದ್ ಖುಷಿ.

ಇನ್ನೊಂದು ಪದ್ಧತಿಯನ್ನೂ ಅವರೇ ಕಲಿಸಿದರು. ಗಾಡಿಯಿಂದ ಬಿಚ್ಚಿದ ಮಾಲು ಮಿಸ್ತ್ರಿಯದು. ಗಿರಾಕಿ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಹಳೆಯ ಡೈನಮೋ, ರೆಗ್ಯುಲೇಟರ್ ಡಬ್ಬಿ, ಮಿಲ್ಟ್ರಿಯವರ ದಪ್ಪ ವೈರು ಎಲ್ಲ ಅಂಗಡಿಯ ಹಿಂದಿನ ಮೂಲೆಗೆ ಹೋಗುತ್ತಿತ್ತು. ತಾಮ್ರಕ್ಕೆ ಯಾವಾಗಲೂ ಗಿರಾಕಿ ಇದ್ದರು. ನಾನು ಕೆಲಸ ಕಲಿತದ್ದೇ ಹಾಗೆ, ಅದರಲ್ಲಿ ತಪ್ಪೇನು ಎಂದು ತಲೆಗೆ ಹೊಳೆಯಲೇ ಇಲ್ಲ. ಆದರೆ ಹುಡುಗರೇ, ಒಂದು ವಿಚಾರ ಮಾಡಿರಿ. ಬಿಚ್ಚಿದ್ದೆಲ್ಲ ನಿಮ್ಮದು ಎಂದಾದರೆ, ಗಿರಾಕಿ ಬಂದು 'ಇದ್ದ ಹಾಗೇ ಇರಲೋ, ಬದಲಿ ಮಾಡಲೋ' ಎಂದು ಕೇಳಿದಾಗ ನಿಮ್ಮ ನಾಲಿಗೆ ಯಾವ ಕಡೆ ಹೊರಳುತ್ತದೆ?

ಉಸ್ತಾದರು ತೀರಿಕೊಂಡ ಮೇಲೆ ಅಂಗಡಿ ನನಗೆ ಬಂತು. ಕೆಲವು ವರ್ಷಕ್ಕೆ ಗದಗ ಜಿಲ್ಲೆಯೂ ಆಯಿತು. ಎಲ್ಲಿ ನೋಡಿದಲ್ಲಿ ಧಾರವಾಡ ಜಿಲ್ಲೆ ಎಂದಿದ್ದ ಬೋರ್ಡು ಒರೆಸಿ ಗದಗ ಜಿಲ್ಲೆ ಎಂದು ಬರೆಯುತ್ತಿದ್ದರು. ಗಾಡಿಗಳಿಗೆ ಕೆ.ಎ. ಇಪ್ಪತ್ತಾರರ ಹೊಸ ನಂಬರು ಬಂತು. ಹೊಸ ಕಚೇರಿಗಳಿಗೆ ಓಡಾಡುವ ಜನ ಹೆಚ್ಚಾದರು, ಗಾಡಿಗಳೂ ಹೆಚ್ಚಾದವು. ಆಗ ಹರಾಜಿನಲ್ಲಿ ಬರುತ್ತಿದ್ದವು ಆರು ವೋಲ್ಟಿನವಲ್ಲ, ಇಪ್ಪತ್ನಾಲ್ಕರವು. ವೈರ್‌ಲೆಸ್ ಸೆಟ್ಟು ಇಡಲು ಮಿಲ್ಟ್ರಿಯವರು ಹಾಗೆ ಮಾಡಿದ್ದರಂತೆ. ಹನ್ನೆರಡರ ಎರಡು ಬ್ಯಾಟರಿ ಒಂದರ ಹಿಂದೊಂದು ಜೋಡಿಸಿ ಇಪ್ಪತ್ನಾಲ್ಕು.

ಅವುಗಳಲ್ಲಿ ನಾನು ಮೊದಲು ಮುಗ್ಗರಿಸಿದ್ದು ಮುಂಡರಗಿಯ ಒಬ್ಬ ಕಾಳಿನ ವ್ಯಾಪಾರಿಯ ಮಿಲ್ಟ್ರಿ ಟ್ರಕ್ಕಿನಲ್ಲಿ. ಅವರಿಗೆ ಗಾಡಿಯಲ್ಲಿ ಹಾಡು ಬೇಕಿತ್ತು. ಟೇಪ್ ರೆಕಾರ್ಡರ್ ಹನ್ನೆರಡರದು, ಗಾಡಿ ಇಪ್ಪತ್ನಾಲ್ಕರದು. ನಾನು ಬಹಳ ಶಾಣ್ಯಾ ಅಂದುಕೊಂಡು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರು ಎಳೆದು ಟೇಪಿಗೆ ಕೊಟ್ಟೆ. ಹಾಡು ಬಂತು, ಸಾಹುಕಾರರು ಬೆನ್ನು ತಟ್ಟಿದರು. ಕೆಲವೇ ವಾರಕ್ಕೆ ಅವರು ಅಂಗಡಿಗೆ ಬಂದು, "ಮಿಸ್ತ್ರಿ, ಒಂದ ಬ್ಯಾಟರಿ ಸಾಯಾಕ ಹತ್ತೈತಿ, ಇನ್ನೊಂದು ಕುದ್ದು ಉಕ್ಕಾಕ ಹತ್ತೈತಿ. ಇವೆರಡೂ ಅಣ್ಣತಮ್ಮರೋ ಏನು ಸವತೇರೋ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಟೇಪು ಒಂದರ ರಕ್ತ ಹೀರುತ್ತಿತ್ತು. ಡೈನಮೋ ಎರಡಕ್ಕೂ ಒಂದೇ ಅಳತೆ ಬಡಿಸುತ್ತಿತ್ತು. ತುಂಬಿದ್ದಕ್ಕೆ ಹೆಚ್ಚಾಯಿತು, ಖಾಲಿಯಾದದ್ದಕ್ಕೆ ಸಾಲಲಿಲ್ಲ. ಇಪ್ಪತ್ನಾಲ್ಕನ್ನು ಹನ್ನೆರಡಕ್ಕೆ ಇಳಿಸುವ ಡಬ್ಬಿ ಈಗ ಪೇಟೆಯಲ್ಲಿ ಸಿಗುತ್ತದೆ, ಅದನ್ನು ಹಾಕಿರಿ. ನಡುವಿನಿಂದ ಕದಿಯಬೇಡಿರಿ.

ಆ ಪೆಟ್ಟು ತಿಂದ ಮೇಲೆ ನಾನು ಇಪ್ಪತ್ನಾಲ್ಕರ ಗಾಡಿ ಬಂದರೆ ಸಾಕು, "ಹನ್ನೆರಡ ಮಾಡೂಣು" ಎನ್ನತೊಡಗಿದೆ. ಹಾಗಿರುವಾಗ ಶಿವನಗೌಡ್ರು ಬಂದರು.

ಗೌಡ್ರದು ಶಿರಹಟ್ಟಿ ಆಚೆಯ ಒಂದು ಹಳ್ಳಿ. ಮಿಲ್ಟ್ರಿಯಲ್ಲಿ ಡ್ರೈವರ್ ಆಗಿದ್ದು ಪೆನ್ಶನ್ ತೆಗೆದುಕೊಂಡು ಬಂದಿದ್ದರು. ಹೆಸರಿಗೆ ಗೌಡರು, ದೊಡ್ಡಸ್ತಿಕೆ ಏನೂ ಉಳಿದಿರಲಿಲ್ಲ. ಊರಲ್ಲಿ ಅವರಿಗಿದ್ದ ಮಾನವೆಲ್ಲ ಸ್ಟಿಯರಿಂಗಿನದು. ಹಿಮದ ಗುಡ್ಡದ ಮೇಲೆ ಇಂಥದ್ದೇ ಜೀಪು ಓಡಿಸಿದವರು ಎಂದು ಹುಡುಗರು ಅವರ ಹಿಂದೆ ಹಿಂದೆ ತಿರುಗುತ್ತಿದ್ದರು. ಎಲ್ಲರೂ ಡ್ರೈವರ್ ಗೌಡ್ರು ಎಂದೇ ಕರೆಯುತ್ತಿದ್ದರು. ಅವರು ಹರಾಜಿನಲ್ಲಿ ಜೀಪು ತಂದದ್ದೂ ಅದೇ ಹುಚ್ಚಿನಿಂದ. ಶಿರಹಟ್ಟಿ, ಲಕ್ಷ್ಮೇಶ್ವರದ ನಡುವೆ ಜನರನ್ನು ಹೇರಿಕೊಂಡು ಹೋಗುವುದು, ಲಗ್ನದ ದಿನಗಳಲ್ಲಿ ವರನ ಮೆರವಣಿಗೆಗೆ ಬಿಡುವುದು ಎಂದು ಲೆಕ್ಕ ಹಾಕಿದ್ದರು.

"ನೋಡು ಮೌಲಾ," ಎಂದರು, ಬಾನೆಟ್ ಮೇಲೆ ಕೈಯಿಟ್ಟು. "ಇದು ಇಪ್ಪತ್ನಾಕು ಐತಿ. ಹಂಗ ಇರಲೇನು? ನನ್ನ ಕೈಗೆ ಇದರ ರೂಢಿ ಐತಿ. ಬೆಳಿಗ್ಗೆ ಬರ್ಫದಾಗ ನಿಂತಿದ್ರೂ ಒಂದ ಗುಂಡಿಗೆ ಏಳತಿತ್ತು."

"ಗೌಡ್ರ, ಇಪ್ಪತ್ನಾಕರ ಬಲ್ಬ್ ಶಿರಹಟ್ಟ್ಯಾಗ ಎಲ್ಲಿ ಸಿಗತಾವರಿ?" ಎಂದೆ. "ಮೆರವಣಿಗಿಗೆ ಲೈಟು, ಮೈಕು ಹಚ್ಚಾವ್ರು ಬಂದ್ರ ಎಲ್ಲಾ ಹನ್ನೆರಡರದು ಇರತೈತಿ. ಎರಡ ಬ್ಯಾಟರಿ ಸಾಕೂದು ಬ್ಯಾರೆ. ಹನ್ನೆರಡ ಮಾಡಿಬಿಡೂಣು."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಶಿರಹಟ್ಟಿಯಲ್ಲಿ ಬಲ್ಬು ಸಿಗುತ್ತಿರಲಿಲ್ಲ, ಮೈಕಿನವರದು ಹನ್ನೆರಡೇ. ಆದರೆ ಹೇಳುವಾಗ ನನ್ನ ಕಣ್ಣು ಆ ಡೈನಮೋದ ಮೇಲಿತ್ತು. ಹೊಸದರಂತಿದ್ದ ಮಾಲು, ತೂಕದ ಮಾಲು.

ಗೌಡ್ರು ಬಾನೆಟ್ ಮೇಲಿಂದ ಕೈ ತೆಗೆದರು. "ಆತು. ನಾ ಓಡಸಾಂವ, ನೀ ಮಾಡಾಂವ. ಎಲ್ಲಾ ಬದಲ ಮಾಡು ಮತ್ತ, ಅರ್ಧಾಮರ್ಧಾ ಬ್ಯಾಡ."

"ಎಲ್ಲಾ ಬದಲ ಮಾಡ್ತೀನ್ರಿ."

ಎಲ್ಲ ಬದಲಿ ಮಾಡಿದೆ, ಸ್ಟಾರ್ಟರ್ ಬಿಟ್ಟು. ಉಸ್ತಾದರ ಮಾತು ತಲೆಯಲ್ಲಿ ಕೂತಿತ್ತಲ್ಲ. ಆರರ ಸ್ಟಾರ್ಟರ್ ಹನ್ನೆರಡರಲ್ಲಿ ಜೋರಾಗಿ ತಿರುಗಿದರೆ, ಇಪ್ಪತ್ನಾಲ್ಕರದು ಹನ್ನೆರಡರಲ್ಲಿ ಸ್ವಲ್ಪ ನಿಧಾನ ತಿರುಗೀತು, ಅಷ್ಟೇ ತಾನೇ ಎಂದುಕೊಂಡೆ. ಆ ಎಂಜಿನ್ನಿಗೆ ಕೂರುವ ಹನ್ನೆರಡರ ಸ್ಟಾರ್ಟರ್ ಹುಡುಕಲು ಹುಬ್ಬಳ್ಳಿಗೆ ಅಲೆಯಬೇಕಿತ್ತು, ಅದಕ್ಕೂ ಬೇಜಾರು. ಅರ್ಧ ವೋಲ್ಟು ಕೊಟ್ಟರೆ ಸ್ಟಾರ್ಟರಿನ ಬಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದು ಒದ್ದಾಡುವಾಗ ಬ್ಯಾಟರಿ ಕುಸಿಯುತ್ತದೆ, ಪ್ಲಗ್ಗಿಗೆ ಕಿಡಿಯೂ ಸರಿಯಾಗಿ ಹೋಗುವುದಿಲ್ಲ. ಇದು ಲೆಕ್ಕ. ಈ ಲೆಕ್ಕ ಇವತ್ತು ನಿಮಗೆ ಪುಸ್ತಕದಲ್ಲೇ ಸಿಗುತ್ತದೆ. ನಾನು ನೋಡಿದ್ದು ಬೇಸಿಗೆಯ ಮಧ್ಯಾಹ್ನ, ಹೊಸ ಬ್ಯಾಟರಿ, ಬಿಸಿ ಎಂಜಿನ್. ಗುಂಡಿ ಒತ್ತಿದೆ, ಎರಡು ಸಲ ನರಳಿ ಚಾಲೂ ಆಯಿತು. ಗೌಡ್ರು ಖುಷಿಯಿಂದ ಹೋದರು.

ಚಳಿಗಾಲ ಬಂತು. ಗೌಡ್ರು ಬಂದು, "ಮೌಲಾ, ಬೆಳಿಗ್ಗೆ ಏಳವಲ್ಲದು," ಎಂದರು. ಬ್ಯಾಟರಿ ಚಾರ್ಜ್ ಮಾಡಿ ಕಳಿಸಿದೆ. ಮತ್ತೆ ಬಂದರು. ಸ್ಟಾರ್ಟರಿನ ಕಾರ್ಬನ್ ಬ್ರಶ್ ಬದಲಿಸಿದೆ, ಬ್ಯಾಟರಿಯ ಟರ್ಮಿನಲ್ ತಿಕ್ಕಿದೆ. ಅಂಗಡಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು, ನನ್ನ ಕೈಯಲ್ಲಿ ಏಳುತ್ತಿತ್ತು. ನನಗೆ ಸಿಟ್ಟು ಬರತೊಡಗಿತು. ನನ್ನ ಕೆಲಸದಲ್ಲಿ ಏನೋ ಒಂದು ಕೊಂಕಿದೆ ಎಂದು ಒಳಗೇ ಚುಚ್ಚುತ್ತಿದ್ದಾಗ ಬರುವ ಸಿಟ್ಟು ಅದು.

ಒಂದು ದಿನ ಅವರ ಮುಂದೆಯೇ ಗುಂಡಿ ಒತ್ತಿ, ಗಾಡಿ ಚಾಲೂ ಮಾಡಿ, ಇಳಿದು ಹೇಳಿದೆ: "ನನ್ನ ಕೈಯಾಗ ಏಳತೈತಿ ನೋಡ್ರಿ ಗೌಡ್ರ. ನೀವು ಗುಂಡಿ ಭಾಳ ಹೊತ್ತ ಹಿಡೀತೀರಿ. ಚೋಕ್ ಎಳಿಯೂ ಹದಾ ತಪ್ಪೇತಿ ನಿಮಗ."

ಹದ ತಪ್ಪಿದೆ ಎಂದು, ಹಿಮದ ಗುಡ್ಡದ ಮೇಲೆ ಗಾಡಿ ಓಡಿಸಿದವರಿಗೆ.

ಅವರು ಜಗಳ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ತಮ್ಮ ಬಲಗೈ ಮುಂದೆ ಹಿಡಿದು ನೋಡಿಕೊಂಡರು. "ಇರಬಹುದು ತಮ್ಮಾ. ವಯಸ್ಸಾತಲ್ಲ," ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಈ ಸಂಗತಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು ಆ ತಲೆಯಾಡಿಸಿದ್ದು.

ಆಮೇಲೆ ಅವರು ನನ್ನ ಅಂಗಡಿಗೆ ಬರುವುದನ್ನು ಕಡಿಮೆ ಮಾಡಿದರು. ಸುದ್ದಿ ಮಾತ್ರ ಬರುತ್ತಿತ್ತು. ಜೀಪನ್ನು ಯಾವಾಗಲೂ ಇಳುಕಲಿನಲ್ಲಿ ನಿಲ್ಲಿಸುತ್ತಾರಂತೆ. ಸಪಾಟು ಜಾಗದಲ್ಲಿ ನಿಂತರೆ ಕೂತ ಪ್ಯಾಸೆಂಜರುಗಳೇ ಇಳಿದು ದಬ್ಬಬೇಕಂತೆ. ಒಂದು ಲಗ್ನದಲ್ಲಿ ವರ ಮೇಲೆ ಕೂತಿದ್ದಾಗ ಗಾಡಿ ಬಂದ್ ಬಿದ್ದು, ಬೀಗರೆಲ್ಲ ಪೇಟ ಸರಿಮಾಡಿಕೊಳ್ಳುತ್ತಾ ದಬ್ಬಿದರಂತೆ. ಬ್ಯಾಂಡಿನವರು ಬಾರಿಸುವುದು ಬಿಟ್ಟು ನಕ್ಕರಂತೆ. ಅವತ್ತಿನಿಂದ ಡ್ರೈವರ್ ಗೌಡ್ರು ಎನ್ನುವ ಹೆಸರು ಹೋಗಿ ದಬ್ಬು ಗೌಡ್ರು ಎಂದಾಯಿತು. ಶಿರಹಟ್ಟಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವರು ಬಂದರೆ ಸಾಕು, ಕುಂತವರು ತೋಳು ಏರಿಸಿ, "ದಬ್ಬೂಣೇನ್ರಿ?" ಎಂದು ಕೇಳುತ್ತಿದ್ದರಂತೆ. ಕೊನೆಗೆ ಗೌಡ್ರು ಕೀಲಿಯನ್ನು ಅಣ್ಣನ ಮಗ ಮಲ್ಲೇಶಿಗೆ ಕೊಟ್ಟು, ತಾವು ಸ್ಟಿಯರಿಂಗ್ ಮುಟ್ಟುವುದನ್ನೇ ಬಿಟ್ಟರಂತೆ.

ಇದನ್ನೆಲ್ಲ ಕೇಳಿಯೂ ನಾನು ಒಂದು ದಿನ ಹೋಗಿ ಆ ಗಾಡಿ ನೋಡಲಿಲ್ಲ. ಗಿರಾಕಿ ಬರಲಿ ಬಿಡು ಎಂದೆ.

ಬಂದರು. ಮಲ್ಲೇಶಿ ಒಂದು ಗೋಣಿಚೀಲ ಹೊತ್ತು ತಂದು, ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿ ಇದ್ದಾಗಲೇ ನನ್ನ ಮೇಜಿನ ಮೇಲೆ ಧಪ್ಪೆಂದು ಇಟ್ಟ. ಹಿಂದೆ ಗೌಡ್ರು ಇದ್ದರು, ಬಹಳ ಇಳಿದುಹೋಗಿದ್ದರು. ಚೀಲದಲ್ಲಿ ಸ್ಟಾರ್ಟರ್ ಇತ್ತು.

"ಲಕ್ಷ್ಮೇಶ್ವರದಾಗ ಬಿಚ್ಚಿಸಿದ್ವಿ," ಎಂದ ಮಲ್ಲೇಶಿ. "ಅಲ್ಲಿ ಮಿಸ್ತ್ರಿ ಎಣ್ಣಿ ಒರಿಸಿ ತೋರಿಸಿದಾ. ಓದ್ರಿ, ಏನ ಬರದೈತಿ?"

ಮೈಮೇಲಿನ ಚಿಕ್ಕ ತಗಡಿನಲ್ಲಿ ಇಪ್ಪತ್ನಾಲ್ಕು ಎಂದು ಹೊಡೆದಿತ್ತು. ನಾನು ಓದಲಿಲ್ಲ. ಓದುವ ಅವಶ್ಯಕತೆ ಇರಲಿಲ್ಲ.

"ಎಲ್ಲಾ ಬದಲ ಮಾಡೀನಿ ಅಂದಿದ್ರಿ."

"ಅದೊಂದು ಬಿಟ್ಟಿದ್ದೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮಲ್ಲೇಶಿ ಬಾಯಿ ತೆರೆದ. ಗೌಡ್ರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿ ಮೇಜಿನ ಹತ್ತಿರ ಬಂದರು. ಬೈಯುವ ಮುಖ ಅದಲ್ಲ. ಏನೋ ಕೇಳಲು ಅಂಜುತ್ತಿರುವವರ ಮುಖ.

"ಹಂಗಾದ್ರ ಮೌಲಾ," ಎಂದರು, "ನನ್ನ ಕೈ ಕೆಟ್ಟಿದ್ದಿಲ್ಲ?"

ನಾನು ತಲೆ ತಗ್ಗಿಸಿದೆ.

"ಬಾಯಿಬಿಟ್ಟು ಹೇಳೋ."

"ಇಲ್ರೀ ಗೌಡ್ರ. ನಿಮ್ಮ ಕೈ ಚಲೋನ ಇತ್ತು. ಗಾಡಿ ಕೆಡಿಸಿದಾಂವ ನಾನು."

ಗೌಡ್ರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು. ಅಂಗಡಿಯಲ್ಲಿದ್ದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದನ್ನ ಮೊದಲಿನಂಗ ಮಾಡು," ಎಂದರು ಕೊನೆಗೆ. "ಮಿಲ್ಟ್ರಿಯವರು ಕೊಟ್ಟಂಗ. ಇಪ್ಪತ್ನಾಕು. ನನ್ನ ಡೈನಮೋ ಹಾಕು."

ನಾನು ಅಂಗಡಿಯ ಹಿಂದಿನ ಮೂಲೆಯ ಕಡೆ ನೋಡಿದೆ.

"ಎಲ್ಲೈತಿ ನನ್ನ ಡೈನಮೋ?"

"ಅದು... ಹೋತ್ರಿ. ಬಿಚ್ಚಿದ ಮಾಲು ಮಿಸ್ತ್ರಿಗೆ ಅಂತ ನಮ್ಮಲ್ಲಿ ಪದ್ಧತಿ ಐತ್ರಿ."

"ಯಾರ ಪದ್ಧತಿ?"

ಉಸ್ತಾದರ ಹೆಸರು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಕೊನೆಗೆ ಮಲ್ಲೇಶಿಯೇ ಹೇಳಿದ: "ಕಾಕಾ, ಅದಕ್ಕನ ಹನ್ನೆರಡ ಮಾಡ್ಯಾರ ಇವರು. ಬಲ್ಬಿನ ಮಾತು ಬರೇ ಮ್ಯಾಲಿಂದು." ಗೌಡ್ರು ನನ್ನನ್ನು ನೋಡಿದರು. ಅಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ.

ನಾನು ಹುಬ್ಬಳ್ಳಿಗೆ ಹೋಗಿ ಡೈನಮೋ ಬದಲಿಗೆ ದೊಡ್ಡ ಲಾರಿಯದೊಂದು ಇಪ್ಪತ್ನಾಲ್ಕರ ಆಲ್ಟರ್ನೇಟರ್ ತಂದು, ಅದು ಕೂರಲು ಪಟ್ಟಿ ಬಡಿಸಿ, ಚೀಲದಲ್ಲಿ ಬಂದ ಸ್ಟಾರ್ಟರನ್ನೇ ಮತ್ತೆ ಕೂರಿಸಿ, ಎರಡು ಹೊಸ ಬ್ಯಾಟರಿ ಇಟ್ಟು, ಕಾಯ್ಲು ಬದಲಿಸಿ, ಲಾರಿಯ ಬಲ್ಬುಗಳನ್ನೇ ಹೊಂದಿಸಿದೆ. ಮೈಕಿಗೆ ಬೇರೆ ಬ್ಯಾಟರಿ ಇಟ್ಟುಕೊಳ್ಳಿರಿ ಎಂದೆ. ಮೊದಲ ದಿನವೇ ಹೀಗೆ ಮಾಡಲು ಬರುತ್ತಿತ್ತು. ಗಾಡಿ ಎಂಥದು, ಏನಕ್ಕೆ ಬೇಕು, ಸ್ಟಾರ್ಟರ್ ಯಾವುದು ಎಂದು ಕೇಳಿಕೊಂಡಿದ್ದರೆ ಸಾಕಿತ್ತು. ಈಗ ನನ್ನ ಮಗ ಬಿಚ್ಚಿದ ಮಾಲನ್ನೆಲ್ಲ ಚೀಲಕ್ಕೆ ತುಂಬಿ ಗಿರಾಕಿಯ ಗಾಡಿಯಲ್ಲೇ ಇಟ್ಟು ಕಳಿಸುತ್ತಾನೆ. ಬೇಡ ಎಂದರೂ ಇಡುತ್ತಾನೆ.

ಗಾಡಿ ತಯಾರಾದ ದಿನ ಗೌಡ್ರು ಹಣದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಹತ್ತು, ಶಿರಹಟ್ಟಿಗೆ ಹೋಗೂಣು," ಎಂದರಷ್ಟೇ. ಮಲ್ಲೇಶಿ ಓಡಿಸಿದ. ಗೌಡ್ರು ಪಕ್ಕದಲ್ಲಿ, ನಾನು ಹಿಂದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಕುಂತವರಲ್ಲಿ ಒಬ್ಬ ಗೌಡ್ರನ್ನು ನೋಡಿದ್ದೇ ತೋಳು ಏರಿಸತೊಡಗಿದ.

"ಇರಪಾ," ಎಂದರು ಗೌಡ್ರು. "ಗದಗಿನಿಂದ ಮಿಸ್ತ್ರಿನ ಕರಕೊಂಡ ಬಂದೀನಿ. ಏನೋ ಹೇಳಬೇಕಂತ ಅವಗ."

ಅವರು ಹಾಗೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಜೀಪಿನಿಂದ ಇಳಿದು ನಿಂತೆ. ಸ್ಟಾರ್ಟರ್ ಹಳೆಯದೇ ಬಿಟ್ಟಿದ್ದು, ತಪ್ಪು ಗೌಡ್ರದಲ್ಲ, ನನ್ನದು ಎಂದು ಹೇಳಿದೆ. ಅರ್ಧ ಮಾತು ಬಾಯಲ್ಲೇ ಉಳಿಯಿತು. "ಜೋರ ಹೇಳ್ರಿ, ಹಿಂದಿನವರಿಗೆ ಕೇಳಸವಲ್ಲದು," ಎಂದ ಚಹಾದಂಗಡಿಯವ. ಮತ್ತೆ ಹೇಳಿದೆ. ಯಾರೂ ನಗಲಿಲ್ಲ. ತೋಳು ಏರಿಸಿದ್ದವನು ಮೆಲ್ಲಗೆ ಇಳಿಸಿಕೊಂಡು, "ಚಾ ಕುಡೀರಿ ಗೌಡ್ರ," ಎಂದ.

ಗೌಡ್ರು ಕುಡಿಯಲಿಲ್ಲ. ಮಲ್ಲೇಶಿಯ ಕಡೆ ಕೈ ಚಾಚಿದರು. ಅವನು ಕೀಲಿ ಕೊಟ್ಟು ಅಲ್ಲೇ ಉಳಿದ.

"ಕುಂಡ್ರು ಮೌಲಾ. ಗದಗಿಗೆ ಬಿಟ್ಟ ಬರತೀನಿ."

ಎಷ್ಟೋ ದಿನ ಸ್ಟಿಯರಿಂಗ್ ಮುಟ್ಟದವರು ರಸ್ತೆಯ ತಗ್ಗು ತಪ್ಪಿಸಿ, ಎತ್ತಿನಗಾಡಿಗೆ ದಾರಿ ಬಿಟ್ಟು ಎಷ್ಟು ಹದವಾಗಿ ಓಡಿಸಿದರೆಂದರೆ ನನಗೆ ಅವರ ಕೈ ನೋಡಲು ಧೈರ್ಯ ಬರಲಿಲ್ಲ. ಮಲ್ಲಸಮುದ್ರ ಹತ್ತಿರ ಬಂದಾಗ, ಎರಡೂ ಕಡೆ ಎರೆಹೊಲ, ಹಪ್ಪಳದಂತೆ ಸಪಾಟಾದ ರಸ್ತೆ, ಅಲ್ಲಿ ಬದಿಗೆ ತೆಗೆದು ಎಂಜಿನ್ ಬಂದ್ ಮಾಡಿದರು.

"ಇಳಿ," ಎಂದರು.

ಇಲ್ಲಿಂದ ನಡೆದು ಹೋಗು ಎನ್ನುತ್ತಾರೆ ಎಂದುಕೊಂಡು ಇಳಿದೆ. ಅದಕ್ಕೆ ನಾನು ತಯಾರಿದ್ದೆ.

"ಹಿಂದ ಹೋಗು. ದಬ್ಬಾವ್ರು ನಿಂದರತಿದ್ದರಲ್ಲ, ಅಲ್ಲಿ ನಿಂದ್ರು. ಕೈ ಹಚ್ಚು."

ಹೋಗಿ ನಿಂತೆ. ಹಿಂದಿನ ತಗಡಿನಲ್ಲಿ ಎಷ್ಟೋ ಕೈಗಳು ತಿಕ್ಕಿ ತಿಕ್ಕಿ ಬಣ್ಣ ಹೋಗಿ ಎರಡು ಕಡೆ ಬಿಳಿ ಬಿದ್ದಿತ್ತು. ನನ್ನ ಎರಡೂ ಕೈ ಅಲ್ಲಿಟ್ಟೆ. ಪ್ಯಾಸೆಂಜರುಗಳು, ಬೀಗರು, ಶಾಲೆಗೆ ಹೋಗುವ ಹುಡುಗರು ಎಲ್ಲರೂ ಕೈ ಇಟ್ಟ ಜಾಗ.

ಗೌಡ್ರು ಗುಂಡಿ ಒತ್ತಿದರು. ಒಂದೇ ಸಲಕ್ಕೆ ಎದ್ದಿತು. ಗಾಡಿ ನನ್ನ ಕೈಯಿಂದ ಬಿಡಿಸಿಕೊಂಡು ಮುಂದೆ ಹೋಯಿತು. ಭಾರ ಹಾಕಿ ನಿಂತಿದ್ದ ನಾನು ಮುಗ್ಗರಿಸಿ ರಸ್ತೆಯ ಮೇಲೆ ಮೊಣಕಾಲು ಊರಿದೆ.

ಅವರು ಸ್ವಲ್ಪ ದೂರ ಹೋಗಿ ನಿಂತು ಹಾರ್ನ್ ಹೊಡೆದರು. ನಾನು ಎದ್ದು, ಧೋತರದ ಮಣ್ಣು ಝಾಡಿಸಿಕೊಂಡು, ಓಡಿಹೋಗಿ ಹತ್ತಿದೆ. ಗದಗ ಬರುವ ತನಕ ಅವರು ನನ್ನ ಕಡೆ ನೋಡಲಿಲ್ಲ.